ಹೌದು ಅಂದ್ರೆ ಫ್ಯಾನ್ ಇರುತ್ತಾ, ಹೋಗುತ್ತಾ? – ಸಂವಿಧಾನ ತಿದ್ದುಪಡಿಗೆ ಜನಮತಗಣನೆ ನಡೆಸುವ ಬಗ್ಗೆ

(ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಾಡುವಾಗ ಹಾದಿ ತಪ್ಪಿದ ಕಡೆ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ನಡೆದದ್ದನ್ನೂ ಸೇರಿಸಿದ್ದೇನೆ.)

ಒಳಗೆ ಬರುವಾಗ ಬಾಗಿಲ ಹತ್ತಿರ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟೆ, ಅಲ್ವಾ? ಅದನ್ನು ತೆಗೆದು ಒಂದು ಸಲ ಓದಿ. "ಕಾರ್ಯಕ್ರಮ ನಡೆಯುವಾಗ ಈ ಸಭಾಂಗಣದ ಫ್ಯಾನ್ ಆಫ್ ಮಾಡಬಾರದು ಎಂಬ ನಿಯಮವನ್ನು ರದ್ದುಗೊಳಿಸುವ ಪ್ರಸ್ತಾಪಕ್ಕೆ ನಿಮ್ಮ ಒಪ್ಪಿಗೆ ಇದೆಯೇ?" ಕೆಳಗೆ ಎರಡು ಚೌಕ. ಹೌದು, ಇಲ್ಲ. ಹೇಗೆ ಗುರುತು ಹಾಕಬೇಕು ಅಂತ ಬರೆದಿಲ್ಲ, ಬೇಕು ಅಂತಲೇ ಬಿಟ್ಟಿದ್ದೇನೆ. ಗುರುತು ಹಾಕಿ ಈ ರಟ್ಟಿನ ಡಬ್ಬಕ್ಕೆ ಹಾಕಿಬಿಡಿ, ಕೊನೆಗೆ ಎಣಿಸೋಣ.

ಎರಡನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದರು: "ಸರ್, ಹೌದು ಅಂದ್ರೆ ಫ್ಯಾನ್ ಇರುತ್ತಾ, ಹೋಗುತ್ತಾ?" ಎಲ್ಲರೂ ನಕ್ಕರು. ನಾನು ಇವತ್ತು ಹೇಳಬೇಕು ಅಂತ ಬಂದದ್ದರಲ್ಲಿ ಅರ್ಧ ಅವರೇ ಹೇಳಿಬಿಟ್ಟರು. ಫ್ಯಾನ್ ವಿಷಯದಲ್ಲಿ ಹೀಗಾದರೆ ನಗಬಹುದು. ಒಂದು ದೇಶದ ಸಂವಿಧಾನದ ವಿಷಯದಲ್ಲಿ ಮತಗಟ್ಟೆಯೊಳಗೆ ನಿಂತವರಿಗೆ ಇದೇ ಅನುಮಾನ ಬಂದರೆ ಅಲ್ಲಿ ಕೇಳುವುದಕ್ಕೂ ಯಾರೂ ಇರುವುದಿಲ್ಲ.

ನಮ್ಮ ಸಂವಿಧಾನದ ತಿದ್ದುಪಡಿಗೆ ಜನಮತಗಣನೆ, ಅಂದರೆ ಹೌದೋ ಇಲ್ಲವೋ ಅಂತ ಜನರಿಂದಲೇ ಮತ ಹಾಕಿಸಿ ಕೇಳುವುದು, ಇಲ್ಲ, ಸಂಸತ್ತಿನಲ್ಲೇ ಆಗುತ್ತದೆ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳೂ ಒಪ್ಪಬೇಕು. ಅದಕ್ಕೇ ಈ ಕೆಲಸ ನಮಗೆ ಅಷ್ಟು ಪರಿಚಯ ಇಲ್ಲ. ಐರ್ಲೆಂಡ್‌ನಲ್ಲಿ ಹಾಗಲ್ಲ. ಅಲ್ಲಿ 1937ರ ಸಂವಿಧಾನದಲ್ಲಿ ಒಂದು ಪದ ಬದಲಿಸಬೇಕಾದರೂ ಜನರ ಮುಂದೆ ಹೋಗಲೇಬೇಕು. ಸ್ವಿಟ್ಜರ್ಲೆಂಡ್, ಆಸ್ಟ್ರೇಲಿಯಾಗಳಲ್ಲೂ ಹಾಗೇ. ಜಪಾನಿನದು ಇನ್ನೂ ವಿಚಿತ್ರ. ಅಲ್ಲಿ ಸಂವಿಧಾನದಲ್ಲಿ ಈ ನಿಯಮ ಇದೆ, ಅದನ್ನು ನಡೆಸಬೇಕಾದ ಕಾನೂನು ಬಂದದ್ದು ಮಾತ್ರ 2007ರಲ್ಲಿ, ಅಂದರೆ ಸಂವಿಧಾನ ಜಾರಿಗೆ ಬಂದು 60 ವರ್ಷ ಆದಮೇಲೆ!

ಬಹಳ ಜನ ಅಂದುಕೊಳ್ಳುವುದು ಏನೆಂದರೆ, ಚುನಾವಣೆ ನಡೆಸಲು ಗೊತ್ತಿದ್ದರೆ ಜನಮತಗಣನೆಯೂ ಗೊತ್ತು, ಅದೇ ಪಟ್ಟಿ, ಅದೇ ಪೆಟ್ಟಿಗೆ, ಅಭ್ಯರ್ಥಿಗಳ ಬದಲು ಹೌದು–ಇಲ್ಲ, ಅಷ್ಟೇ. ಮತದಾನದ ದಿನದ ಮಟ್ಟಿಗೆ ಇದು ನಿಜ. ಇನ್ನೂ ಸುಲಭ ಅಂತಲೇ ಹೇಳಬಹುದು, ಮತಪತ್ರ ಚಿಕ್ಕದು, ಎಣಿಸಲು ಎರಡೇ ಕಟ್ಟು. ಆದರೆ ಜನಮತಗಣನೆ ಕೆಡುವುದು ಆ ದಿನ ಅಲ್ಲ. ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆ, ಯಾರೂ ಕ್ಯಾಮೆರಾ ಹಿಡಿಯದ ಕೋಣೆಗಳಲ್ಲಿ ಅದು ಕೆಟ್ಟಿರುತ್ತದೆ. ಚುನಾವಣೆ ಕೆಟ್ಟರೆ ಐದು ವರ್ಷಕ್ಕೆ ಇನ್ನೊಂದು ಬರುತ್ತದೆ. ಸಂವಿಧಾನಕ್ಕೆ ಸೇರಿದ ಸಾಲನ್ನು ತೆಗೆಯಬೇಕಾದರೆ ಮತ್ತೆ ಇಷ್ಟೂ ಕೆಲಸ ಮೊದಲಿನಿಂದ.

ಮೊದಲು ಗೆಲುವು ಅಂದರೆ ಏನು ಅನ್ನುವುದನ್ನು ನೋಡೋಣ. ಅರ್ಧಕ್ಕಿಂತ ಜಾಸ್ತಿ ಬಂದರೆ ಗೆಲುವು, ಇಷ್ಟೇ ಸಾಕಾಗಲ್ವಾ? ಐರ್ಲೆಂಡ್‌ಗೆ ಸಾಕು. ಬೇರೆ ಕಡೆ, ಬಂದ ಮತದಲ್ಲಿ ಅರ್ಧ ಅಂದರೆ ಸಾಲದು, ಇದು ಸಂವಿಧಾನ ಕಣ್ರೀ, ಇನ್ನೂ ಗಟ್ಟಿ ಇರಬೇಕು ಅಂತ ಒಂದು ಮೆಟ್ಟಿಲು ಸೇರಿಸುತ್ತಾರೆ. ಉದ್ದೇಶ ಒಳ್ಳೆಯದೇ. ಡೆನ್ಮಾರ್ಕ್‌ನಲ್ಲಿ ಏನಾಯಿತು ನೋಡಿ. 1939ರಲ್ಲಿ ಅಲ್ಲಿ ಸಂವಿಧಾನ ಬದಲಿಸಲು ಜನಮತ ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 92 ಜನ ಹೌದು ಅಂದರು. ತೊಂಬತ್ತೆರಡು! ಆದರೂ ತಿದ್ದುಪಡಿ ಬಿದ್ದುಹೋಯಿತು. ಯಾಕೆಂದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ. 45 ಜನ ಹೌದು ಅನ್ನಬೇಕು ಅನ್ನುವುದು ಅಲ್ಲಿನ ನಿಯಮ, ಬಂದದ್ದು ಶೇ. 44.5ರ ಹತ್ತಿರ. ಅರ್ಧದಷ್ಟು ಜನ ಮನೆಯಲ್ಲೇ ಕೂತಿದ್ದರು. 1953ರಲ್ಲಿ ಮತ್ತೆ ಕೇಳಿದಾಗ ಕೂದಲೆಳೆಯಲ್ಲಿ ಪಾಸಾಯಿತು. ಆ ಹೊಸ ಸಂವಿಧಾನದಲ್ಲಿ ಮೆಟ್ಟಿಲನ್ನು ಶೇ. 40ಕ್ಕೆ ಇಳಿಸಿಕೊಂಡರು, ಪೆಟ್ಟು ತಿಂದಿದ್ದರಲ್ಲ.

ಒಟ್ಟು ಮತದಾರರು ಅಂತ ಲೆಕ್ಕ ಹಿಡಿದ ತಕ್ಷಣ ಇನ್ನೊಂದು ತಲೆನೋವು ಶುರು. ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರು ಇರುತ್ತದೆ, ಊರು ಬಿಟ್ಟವರದ್ದು ಇರುತ್ತದೆ, ಎರಡು ಕಡೆ ಹೆಸರಿರುವ ವಿದ್ಯಾರ್ಥಿಗಳು ಇರುತ್ತಾರೆ. ಮಾಮೂಲಿ ಚುನಾವಣೆಯಲ್ಲಿ ಸತ್ತವರ ಹೆಸರಿನಲ್ಲಿ ಯಾರೂ ಮತ ಹಾಕದಿದ್ದರೆ ಅದರಿಂದ ಫಲಿತಾಂಶಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ, ಆ ಹೆಸರು ಸುಮ್ನೆ ಅಲ್ಲಿ ಇರುವುದೇ ಒಂದು 'ಇಲ್ಲ' ಮತ ಇದ್ದ ಹಾಗೆ. 1979ರಲ್ಲಿ ಸ್ಕಾಟ್ಲೆಂಡ್‌ಗೆ ಪ್ರತ್ಯೇಕ ಶಾಸನಸಭೆ ಬೇಕೇ ಅಂತ ಕೇಳಿದಾಗ ಒಟ್ಟು ಮತದಾರರಲ್ಲಿ ಶೇ. 40 ಹೌದು ಅನ್ನಬೇಕು ಅಂತ ಇತ್ತು. ಹಾಗಾಗಿ ಮತದಾನಕ್ಕೆ ಮುಂಚೆ ಸರ್ಕಾರ ಕೂತು ಸತ್ತವರೆಷ್ಟು, ಎರಡೆರಡು ಕಡೆ ಇರುವವರೆಷ್ಟು ಅಂತ ಅಂದಾಜು ಮಾಡಿ ಕಳೆಯಬೇಕಾಯಿತು. ಕೊನೆಗೆ ಹಾಕಿದ ಮತದಲ್ಲಿ ಶೇ. 51.6 ಹೌದು ಬಂತು. ಒಟ್ಟು ಮತದಾರರ ಲೆಕ್ಕದಲ್ಲಿ ಅದು ಶೇ. 32.9 ಮಾತ್ರ. ಶಾಸನಸಭೆ ಆಗಲಿಲ್ಲ. ಗೆದ್ದವರಿಗೂ ಸೋತವರಿಗೂ ಸಮಾಧಾನ ಇಲ್ಲದ ಫಲಿತಾಂಶ ಅಂದರೆ ಇದು.

ಇನ್ನು ಇಷ್ಟು ಜನ ಮತಗಟ್ಟೆಗೆ ಬರಲೇಬೇಕು ಅನ್ನುವ ನಿಯಮ. ರೊಮೇನಿಯಾದಲ್ಲಿ 2018ರಲ್ಲಿ ಮದುವೆಯ ವ್ಯಾಖ್ಯೆ ಬದಲಿಸಲು ಎರಡು ದಿನ ಮತದಾನ ನಡೆಸಿದರು. ಶೇ. 30 ಜನ ಬರಬೇಕಿತ್ತು. ವಿರೋಧಿಸುವವರು ಜಾಣರು, ಇಲ್ಲ ಅಂತ ಹಾಕಲು ಹೋಗಲಿಲ್ಲ, ಹೋಗಬೇಡಿ ಅಂತಲೇ ಪ್ರಚಾರ ಮಾಡಿದರು. ಬಂದದ್ದು ಶೇ. 21. ಬಂದವರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನ ಹೌದು ಅಂದರೂ ಪ್ರಯೋಜನ ಆಗಲಿಲ್ಲ. ಹೋಗಬೇಡಿ ಅಂದವರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ಕೂರುವುದಕ್ಕೆ ಮತಕ್ಕಿಂತ ಜಾಸ್ತಿ ಬೆಲೆ ಕೊಟ್ಟದ್ದು ಆ ನಿಯಮ. ಸಂವಿಧಾನದ ವಿಷಯದಲ್ಲಿ ದೇಶಗಳಿಗೆ ಸಲಹೆ ಕೊಡುವ, ಯುರೋಪ್ ಮಂಡಳಿಯ ವೆನಿಸ್ ಆಯೋಗವೂ ಇಂಥ ಹಾಜರಿಯ ಷರತ್ತು ಬೇಡ ಅಂತಲೇ ಸಲಹೆ ಕೊಡುತ್ತದೆ. ಅದೇ ಆಯೋಗದ ಇನ್ನೊಂದು ಮಾತು, ಜನಮತಗಣನೆಯ ಮುಖ್ಯ ನಿಯಮಗಳನ್ನು ಮತದಾನಕ್ಕೆ ಒಂದು ವರ್ಷ ಇರುವಾಗಿನಿಂದ ಮುಟ್ಟಬಾರದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ನಿಯಮ ಇಲ್ಲ. ಆಟ ಶುರುವಾದಮೇಲೆ ಗೆರೆ ಎಳೆಯಲು ಹೋದರೆ ಆ ಗೆರೆ ಯಾರದ್ದೋ ಪರವಾಗಿಯೇ ಬೀಳುತ್ತದೆ.

ಒಕ್ಕೂಟ ದೇಶಗಳಲ್ಲಿ ಇನ್ನೊಂದು ಬೀಗ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಇಡೀ ದೇಶದಲ್ಲಿ ಬಹುಮತ ಬರಬೇಕು, ಜೊತೆಗೆ ಆರು ರಾಜ್ಯಗಳಲ್ಲಿ ನಾಲ್ಕರಲ್ಲಾದರೂ ಬಹುಮತ ಬರಬೇಕು. 1977ರಲ್ಲಿ ಎರಡೂ ಸದನಗಳ ಚುನಾವಣೆ ಒಟ್ಟಿಗೆ ನಡೆಯಲಿ ಅನ್ನುವ ಪ್ರಸ್ತಾಪಕ್ಕೆ ದೇಶದಲ್ಲಿ ಶೇ. 62 ಹೌದು ಬಂತು, ರಾಜ್ಯ ಸಿಕ್ಕಿದ್ದು ಮೂರೇ. ಹೋಯಿತು. 1901ರಿಂದ ಈವರೆಗೆ ಅವರು 45 ಪ್ರಸ್ತಾಪ ಜನರ ಮುಂದೆ ಇಟ್ಟಿದ್ದಾರೆ, ಪಾಸಾದದ್ದು ಎಂಟು.

ಈಗ ಪ್ರಶ್ನೆಗೆ ಬರೋಣ, ನಿಮ್ಮ ಫ್ಯಾನ್ ಚೀಟಿಗೆ.

ಪ್ರಶ್ನೆ ಬರೆಯುವುದು ಒಂದು ವಾಕ್ಯದ ಕೆಲಸ. ಅದಕ್ಕೆ ತಿಂಗಳು ಬೇಕು. 2014ರ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಜನಮತಗಣನೆಗೆ ಅಲ್ಲಿನ ಸರ್ಕಾರ ಮೊದಲು ಬರೆದ ಪ್ರಶ್ನೆ "ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ" ಅನ್ನುವ ಥರ ಇತ್ತು. ಬ್ರಿಟನ್ನಿನ ಚುನಾವಣಾ ಆಯೋಗ ಅದನ್ನು ಸಾಮಾನ್ಯ ಜನರ ಮುಂದಿಟ್ಟು ಪರೀಕ್ಷೆ ಮಾಡಿತು. "ಒಪ್ಪುತ್ತೀರಾ" ಅಂತ ಕೇಳಿದರೆ ತಲೆ ತಾನಾಗಿ ಹೌದು ಅಂತ ಅಲ್ಲಾಡುತ್ತದೆ, ಅದನ್ನು ತೆಗೆಯಿರಿ ಅಂದಿತು. "ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ?" ಅಂತ ಆಯಿತು. ಎರಡಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಆದರೆ ಫಲಿತಾಂಶ ಬಂದಮೇಲೆ ಸೋತವರು ಮೊದಲು ಹಿಡಿಯುವುದೇ ಇಂಥ ಪದವನ್ನು. ಪದವೇ ತೆಗೆದುಬಿಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ.

ಬೇಕಂತಲೇ ಕೆಡಿಸಿದ ಮತಪತ್ರಗಳೂ ಇವೆ. 1938ರಲ್ಲಿ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡಮೇಲೆ ನಾಜಿಗಳು ನಡೆಸಿದ ಮತದಾನದ ಕಾಗದದಲ್ಲಿ ಹೌದು ಅನ್ನುವುದಕ್ಕೆ ದೊಡ್ಡ ವೃತ್ತ, ಇಲ್ಲ ಅನ್ನುವುದಕ್ಕೆ ಪಕ್ಕದಲ್ಲಿ ಸಣ್ಣದೊಂದು. ಅಷ್ಟು ನಾಚಿಕೆಗೇಡಿನ ಕೆಲಸ ಈಗ ಕಡಿಮೆ. ಈಗಿನ ದಾರಿ ಬೇರೆ, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು. ರಷ್ಯಾದಲ್ಲಿ 2020ರಲ್ಲಿ ಇನ್ನೂರಕ್ಕೂ ಹೆಚ್ಚು ಬದಲಾವಣೆಗಳಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ. ಅದರಲ್ಲಿ ಪಿಂಚಣಿಯನ್ನು ಬೆಲೆ ಏರಿಕೆಗೆ ಹೊಂದಿಸುವ ಮಾತೂ ಇತ್ತು, ಅಧ್ಯಕ್ಷರು ಮತ್ತೆ ನಿಲ್ಲುವ ಹಾಗೆ ಅವರ ಹಳೆಯ ಅವಧಿಗಳನ್ನು ಲೆಕ್ಕದಿಂದ ಬಿಡುವ ಮಾತೂ ಇತ್ತು. ಮೊದಲನೆಯದು ಬೇಕು, ಎರಡನೆಯದು ಬೇಡ ಅನ್ನುವವರು ಏನು ಮಾಡಬೇಕು? ಸಂಬಂಧ ಇಲ್ಲದ ವಿಷಯಗಳಿಗೆ ಬೇರೆ ಬೇರೆ ಪ್ರಶ್ನೆ ಇರಬೇಕು ಅನ್ನುವುದು ಇದಕ್ಕೇ. ಐರ್ಲೆಂಡ್‌ನಲ್ಲಿ 2015ರ ಮೇ 22ರಂದು ಒಂದೇ ದಿನ ಎರಡು ಮತಪತ್ರ ಕೊಟ್ಟರು. ಒಂದರಲ್ಲಿ ಸಲಿಂಗ ವಿವಾಹ, ಶೇ. 62 ಹೌದು. ಇನ್ನೊಂದರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ವಯಸ್ಸನ್ನು 35ರಿಂದ 21ಕ್ಕೆ ಇಳಿಸುವುದು, ಶೇ. 73 ಇಲ್ಲ. ಅದೇ ಜನ, ಅದೇ ಪೆನ್ಸಿಲ್. ಬಿಡಿಸಿ ಕೇಳಿದರೆ ಜನ ಬಿಡಿಸಿಯೇ ಉತ್ತರ ಕೊಡುತ್ತಾರೆ.

ಹಾಗಂತ ಐರ್ಲೆಂಡ್‌ನವರು ಎಲ್ಲವನ್ನೂ ಸರಿ ಮಾಡುತ್ತಾರೆ ಅಂತಲ್ಲ. ಅಲ್ಲಿನ ಮತಪತ್ರದಲ್ಲಿ ತಿದ್ದುಪಡಿ ಮಸೂದೆಯ ಹೆಸರು ಇರುತ್ತದೆಯೇ ಹೊರತು ಏನು ಬದಲಾಗುತ್ತದೆ ಅನ್ನುವುದು ಇರುವುದಿಲ್ಲ. ಮನೆಯಿಂದ ಓದಿಕೊಂಡು ಬಂದಿರಬೇಕು. 2024ರ ಮಾರ್ಚ್‌ನಲ್ಲಿ ಕುಟುಂಬದ ವ್ಯಾಖ್ಯೆಗೆ "ಬಾಳಿಕೆ ಬರುವ ಸಂಬಂಧಗಳು" ಅನ್ನುವ ಅರ್ಥದ ಪದ ಸೇರಿಸಲು ಹೊರಟರು. ಬಾಳಿಕೆ ಬರುವ ಸಂಬಂಧ ಅಂದರೆ ಯಾವುದು ಅಂತ ಜನ ಕೇಳಿದರು. ಕೊನೆಗೆ ಕೋರ್ಟು ನಿರ್ಧರಿಸಬೇಕಾಗುತ್ತದೆ ಅನ್ನುವ ಉತ್ತರ ಬಂತು. ಶೇ. 67.7 ಜನ ಇಲ್ಲ ಅಂದರು. ಅರ್ಥ ಆಗದ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ ಹೇಳಿ? ಆ ಇಲ್ಲದಲ್ಲಿ ವಿಷಯಕ್ಕೆ ಎಷ್ಟು, ಪದಕ್ಕೆ ಎಷ್ಟು ಅಂತ ಈಗ ಬೇರ್ಪಡಿಸಲು ಆಗುವುದಿಲ್ಲ.

ಇನ್ನೊಂದು ಅಪಾಯವನ್ನು ಸಂಘಟಕರು ತಡೆಯಲಾರರು, ಆದರೂ ಹೇಳಿಬಿಡುತ್ತೇನೆ. 2016ರಲ್ಲಿ ಇಟಲಿಯ ಪ್ರಧಾನಿ ರೆಂಜಿ, ತಿದ್ದುಪಡಿ ಸೋತರೆ ಹುದ್ದೆ ಬಿಡುತ್ತೇನೆ ಅಂದರು. ಅಲ್ಲಿಗೆ ಸೆನೆಟ್, ಅಂದರೆ ಅಲ್ಲಿನ ಮೇಲ್ಮನೆಯ ಸುಧಾರಣೆಯ ಪ್ರಶ್ನೆ ರೆಂಜಿ ಬೇಕೋ ಬೇಡವೋ ಅಂತ ಆಗಿಹೋಯಿತು. ಶೇ. 59 ಇಲ್ಲ. ಅವರು ಬಿಟ್ಟರು.

ಮಾಹಿತಿ ಕೊಡುವ ಕೆಲಸ ಯಾರದ್ದು? ತಿದ್ದುಪಡಿ ತಂದದ್ದು ಸರ್ಕಾರ, ಮುದ್ರಿಸಲು ದುಡ್ಡಿರುವುದೂ ಸರ್ಕಾರದ ಹತ್ತಿರ. ಹಾಗಾದರೆ ಇಲ್ಲ ಅನ್ನುವವರ ಮಾತನ್ನು ಮನೆ ಮನೆಗೆ ಯಾರು ಮುಟ್ಟಿಸಬೇಕು? ಆಸ್ಟ್ರೇಲಿಯಾದವರು ಒಂದು ಸರಳ ದಾರಿ ಇಟ್ಟುಕೊಂಡಿದ್ದಾರೆ. ಒಂದು ಕಿರುಹೊತ್ತಿಗೆ. ಪರವಾಗಿ ಮತ ಹಾಕಿದ ಸಂಸದರು 2,000 ಪದ ಬರೆಯಬಹುದು, ವಿರೋಧಿಸಿದವರೂ 2,000 ಪದ. ಎರಡನ್ನೂ ಸೇರಿಸಿ ಮತದಾನಕ್ಕೆ ಎರಡು ವಾರ ಇರುವಷ್ಟರಲ್ಲಿ ಎಲ್ಲ ಮನೆಗೂ ಕಳಿಸಬೇಕು. ಇದರಲ್ಲಿ ಬರೆದದ್ದು ನಿಜವೇ ಅಂತ ಚುನಾವಣಾ ಆಯೋಗ ಪರಿಶೀಲಿಸುವುದಿಲ್ಲ, ಅದು ಇದರ ದೊಡ್ಡ ದೌರ್ಬಲ್ಯ. ಆದರೂ ಎರಡೂ ಕಡೆಯ ಮಾತು ಒಂದೇ ಲಕೋಟೆಯಲ್ಲಿ ಬರುವುದು ನನಗೆ ಇಷ್ಟ.

ಐರ್ಲೆಂಡ್‌ನಲ್ಲಿ ಈ ಪಾಠ ಕೋರ್ಟಿನಿಂದ ಬಂತು. 1995ರ ನವೆಂಬರ್‌ನಲ್ಲಿ ವಿಚ್ಛೇದನಕ್ಕೆ ಅವಕಾಶ ಕೊಡುವ ಜನಮತಗಣನೆ ಇತ್ತು. ಮತದಾನಕ್ಕೆ ಒಂದು ವಾರ ಇರುವಾಗ ಸುಪ್ರೀಂ ಕೋರ್ಟ್, ಸಾರ್ವಜನಿಕರ ಹಣವನ್ನು ಒಂದೇ ಕಡೆಯ ಪ್ರಚಾರಕ್ಕೆ ಖರ್ಚು ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸರ್ಕಾರ ಅಷ್ಟು ಹೊತ್ತಿಗೆ ಖರ್ಚು ಮಾಡಿ ಆಗಿತ್ತು. ಒಂದು ವಾರ ಆದಮೇಲೆ ಹೌದು ಗೆದ್ದಿತು, ಎಷ್ಟರಿಂದ? 16 ಲಕ್ಷಕ್ಕೂ ಹೆಚ್ಚು ಮತದಲ್ಲಿ 9,114 ಮತದಿಂದ. ಸಹಜವಾಗಿಯೇ ಕೇಸು ಬಿತ್ತು, ಆ ಹಣದಿಂದಲೇ ಗೆದ್ದಿರಿ ಅಂತ. ಕೋರ್ಟು ಫಲಿತಾಂಶ ಉಳಿಸಿತು ಅನ್ನುವುದು ಬೇರೆ ಮಾತು. ಆಮೇಲೆ 1998ರಲ್ಲಿ ಮಾಹಿತಿ ಕೊಡುವ ಕೆಲಸಕ್ಕೆ ಸ್ವತಂತ್ರ ಆಯೋಗದ ಕಾನೂನು ಮಾಡಿಕೊಂಡರು.

ಸ್ವಿಟ್ಜರ್ಲೆಂಡ್‌ನಲ್ಲಂತೂ ಮತದಾನವೇ ರದ್ದಾಯಿತು. ವರ್ಷಕ್ಕೆ ನಾಲ್ಕು ಸಲದವರೆಗೂ ಮತ ಹಾಕುವ ದೇಶ, ಪ್ರತಿ ಸಲ ಮನೆಗೆ ಒಂದು ಕೆಂಪು ಪುಸ್ತಕ ಬರುತ್ತದೆ, ಇವರಿಗಿಂತ ಅನುಭವ ಯಾರಿಗಿದೆ? 2016ರಲ್ಲಿ ದಂಪತಿಗಳ ಮೇಲೆ ಬೀಳುವ ಜಾಸ್ತಿ ತೆರಿಗೆಯನ್ನು ತೆಗೆಯುವ ಒಂದು ಪ್ರಸ್ತಾಪ ಇತ್ತು. ಈಗಿನ ತೆರಿಗೆಯಿಂದ ತೊಂದರೆ ಆಗಿರುವುದು ಇಬ್ಬರೂ ದುಡಿಯುವ 80,000 ಜೋಡಿಗಳಿಗೆ ಅಂತ ಸರ್ಕಾರ ಹೇಳಿತು. ಶೇ. 50.8 ಜನ ಇಲ್ಲ ಅಂದರು. ಎರಡು ವರ್ಷ ಆದಮೇಲೆ ಲೆಕ್ಕ ತಪ್ಪು ಅಂತ ಗೊತ್ತಾಯಿತು, ನಿಜವಾದ ಸಂಖ್ಯೆ 4,54,000! 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದು ಮಾಡಿತು. ಇಡೀ ದೇಶದ ಮತದಾನವೊಂದನ್ನು ಹೀಗೆ ರದ್ದು ಮಾಡಿದ್ದು ಅಲ್ಲಿ ಅದೇ ಮೊದಲು. ಮೋಸ ಯಾರೂ ಮಾಡಿರಲಿಲ್ಲ, ಯಾವುದೋ ಕಚೇರಿಯ ಯಾವುದೋ ಮೇಜಿನ ಮೇಲೆ ಒಂದು ಅಂಕಿ ತಪ್ಪಿತ್ತು, ಅಷ್ಟೇ.

ಇನ್ನು ಮತಪತ್ರ, ಪೆಟ್ಟಿಗೆ, ಸಿಬ್ಬಂದಿ. ಇದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಚುನಾವಣೆ ಡ್ಯೂಟಿ ಮಾಡಿದವರಿಗೆ ಗೊತ್ತಿರುವುದೇ. ಓದಲು ಬಾರದವರಿಗೆ ಹೌದು, ಇಲ್ಲ ಅನ್ನುವ ಅಕ್ಷರ ಸಾಲದು, ಚಿಹ್ನೆ ಬೇಕು. ಆದರೆ ಚಿಹ್ನೆ ಆರಿಸುವಾಗ ಕೀನ್ಯಾವನ್ನು ನೆನಪಿಡಿ. 2005ರಲ್ಲಿ ಅಲ್ಲಿ ಹೌದು ಅನ್ನುವುದಕ್ಕೆ ಬಾಳೆಹಣ್ಣು, ಇಲ್ಲ ಅನ್ನುವುದಕ್ಕೆ ಕಿತ್ತಳೆ. ಕಿತ್ತಳೆ ಗೆದ್ದಿತು. ಗೆದ್ದವರು ಆ ಕಿತ್ತಳೆಯನ್ನು ಕೆಳಗಿಡಲೇ ಇಲ್ಲ, ಅದೇ ಹೆಸರಿನಲ್ಲಿ ಪಕ್ಷ ಕಟ್ಟಿ ಮುಂದಿನ ಚುನಾವಣೆಗೆ ಹೋದರು. 2010ರಲ್ಲಿ ಮತ್ತೆ ಜನಮತಗಣನೆ ಬಂದಾಗ ಹಣ್ಣು ಇರಲಿಲ್ಲ, ಹೌದು ಹಸಿರು, ಇಲ್ಲ ಕೆಂಪು. ಕಣ್ಣು ಕಾಣದವರು ತಾವೇ ಗುರುತು ಹಾಕುವ ಹಾಗೆ ಮತಪತ್ರದ ಮೇಲೆ ಕೂರಿಸುವ ಅಚ್ಚು ಇರಬೇಕು, ಐರ್ಲೆಂಡ್‌ನಲ್ಲಿ 2018ರಲ್ಲಿ ಅದು ಬಂತು. ದೋಣಿ ಹಿಡಿದು ಹೋಗಬೇಕಾದ ದ್ವೀಪಗಳಲ್ಲಿ ಒಂದು ದಿನ ಮುಂಚೆಯೇ ಮತದಾನ ಮುಗಿಸಿದರು. ಗಾಳಿ ಮಳೆಯನ್ನು ನಂಬಿ ಪೆಟ್ಟಿಗೆ ಬಿಡಲು ಆಗಲ್ಲ.

ಒಂದು ಕಡೆ ಮಾತ್ರ ನಿಲ್ಲುತ್ತೇನೆ. ಮುದ್ರೆ. 2017ರಲ್ಲಿ ಟರ್ಕಿಯಲ್ಲಿ 18 ತಿದ್ದುಪಡಿಗಳಿಗೆ ಜನಮತ. ಮತಪತ್ರದ ಮೇಲೆ ಪ್ರಶ್ನೆಯೇ ಇರಲಿಲ್ಲ, ಬಿಳಿ ಅರ್ಧದಲ್ಲಿ ಹೌದು, ಕಂದು ಅರ್ಧದಲ್ಲಿ ಇಲ್ಲ. ಮತಪತ್ರಕ್ಕೂ ಲಕೋಟೆಗೂ ಅಧಿಕೃತ ಮುದ್ರೆ ಇರಲೇಬೇಕು ಅನ್ನುವುದು ಕಾನೂನು. ಆ ದಿನ ಸಂಜೆ, ಎಣಿಕೆ ಶುರುವಾಗುವ ಹೊತ್ತಿಗೆ, ಮುದ್ರೆ ಇಲ್ಲದವನ್ನೂ ಎಣಿಸಬಹುದು ಅಂತ ಉನ್ನತ ಚುನಾವಣಾ ಮಂಡಳಿ ತೀರ್ಮಾನಿಸಿತು. ಹೌದು ಶೇ. 51.4ರಿಂದ ಗೆದ್ದಿತು. ಆ ತೀರ್ಮಾನಕ್ಕೆ ಕಾರಣ ಇದ್ದಿರಬಹುದು, ಸಿಬ್ಬಂದಿ ಮುದ್ರೆ ಒತ್ತಲು ಮರೆತರೆ ಅದು ಮತದಾರರ ತಪ್ಪಲ್ಲ. ಆದರೆ ಅದನ್ನು ಹೇಳಬೇಕಾದದ್ದು ತರಬೇತಿಯ ದಿನ, ಎಣಿಕೆಯ ಸಂಜೆ ಅಲ್ಲ.

ಎಣಿಕೆಯಲ್ಲಿ ಯಾರೂ ಯೋಚಿಸದ ಒಂದು ಸಂಗತಿ ಇದೆ. ಇಲ್ಲಿ ಅಭ್ಯರ್ಥಿ ಇಲ್ಲ. ಅಂದರೆ ಅಭ್ಯರ್ಥಿಯ ಏಜೆಂಟೂ ಇಲ್ಲ. ಮೇಜಿನ ಹತ್ತಿರ ಕಣ್ಣಿಟ್ಟು ಕೂರುವವರು ಯಾರು? ಮರು ಎಣಿಕೆ ಕೇಳುವ ಹಕ್ಕು ಯಾರಿಗೆ? ಮರು ಎಣಿಕೆ ಒಂದು ಕ್ಷೇತ್ರಕ್ಕೋ, ಇಡೀ ದೇಶಕ್ಕೋ? ಎಲ್ಲ ಕಾನೂನಿನಲ್ಲಿ ಮೊದಲೇ ಬರೆದಿರಬೇಕು. 9,114 ಮತದ ಅಂತರ ಬಂದ ರಾತ್ರಿ ಕೂತು ಬರೆಯುವ ವಿಷಯ ಅಲ್ಲ ಇದು. ತಿರಸ್ಕೃತ ಮತದ್ದೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಚೌಕದೊಳಗೆ ಯೆಸ್ ಅಥವಾ ನೋ ಅಂತ ಬರೆಯಬೇಕು. 2023ರಲ್ಲಿ ಜಗಳ ಬಂತು. ರೈಟ್ ಗುರುತು ಹಾಕಿದರೆ ಹೌದು ಅಂತ ಎಣಿಸುತ್ತೀರಿ, ಇಂಟು ಹಾಕಿದರೆ ಮಾತ್ರ ಇಲ್ಲ ಅಂತ ಎಣಿಸದೆ ಪಕ್ಕಕ್ಕಿಡುತ್ತೀರಿ, ಇದು ಯಾವ ನ್ಯಾಯ ಅಂತ. ಆಯೋಗದ ಉತ್ತರ, ರೈಟ್ ಅಂದರೆ ಒಪ್ಪಿಗೆ ಅನ್ನುವುದರಲ್ಲಿ ಅನುಮಾನ ಇಲ್ಲ, ಇಂಟು ಹಾಗಲ್ಲ, ಎಷ್ಟೋ ಫಾರಂಗಳಲ್ಲಿ ಆರಿಸಿಕೊಳ್ಳುವುದಕ್ಕೂ ಇಂಟು ಹಾಕುತ್ತೇವೆ. ಕೋರ್ಟು ಆಯೋಗದ ಪರ ನಿಂತಿತು.

ಸರಿ, ಡಬ್ಬ ಕೊಡಿ.

ಮುಂದಿನ ಸಾಲಿನ ಇಬ್ಬರು ಹುಡುಗಿಯರು ಎಣಿಸಲು ಬಂದರು. ನಾನು ಮುದ್ರಿಸಿದ್ದು 80 ಚೀಟಿ, ನನ್ನ ಕೈಯಲ್ಲಿ ಉಳಿದದ್ದು 18. ಅಂದರೆ ಕೊಟ್ಟದ್ದು 62. ಡಬ್ಬದಲ್ಲಿದ್ದದ್ದು 59. ಮೂರು ಎಲ್ಲಿ? ಒಂದು ಒಬ್ಬರ ಪುಸ್ತಕದೊಳಗೆ ಗುರುತಿಗೆ ಹೋಗಿತ್ತು. ಇನ್ನೊಂದು ಫೋನ್ ಬಂತು ಅಂತ ಎದ್ದು ಹೋದವರ ಜೇಬಿನಲ್ಲಿತ್ತು. ಮೂರನೆಯದು ಸಿಗಲೇ ಇಲ್ಲ. ಹೌದು 21, ಇಲ್ಲ 30, ಪಕ್ಕಕ್ಕಿಟ್ಟದ್ದು ಎಂಟು. ಆ ಎಂಟರಲ್ಲಿ ನಾಲ್ಕು ಇಂಟು, ಎರಡು ಖಾಲಿ, ಒಂದರಲ್ಲಿ ಎರಡೂ ಚೌಕಕ್ಕೆ ರೈಟ್, ಇನ್ನೊಂದರಲ್ಲಿ ಫ್ಯಾನಿನ ಚಿತ್ರ. ಚಿತ್ರ ಚೆನ್ನಾಗಿತ್ತು.

ಇಲ್ಲ ಗೆದ್ದಿದೆ, ಅಂದರೆ ನಿಯಮ ಉಳಿಯಿತು, ಫ್ಯಾನ್ ತಿರುಗುತ್ತಲೇ ಇರಬೇಕು ಅಂದೆ. ಇಲ್ಲ ಅಂತ ಹಾಕಿದವರಲ್ಲಿ ಫ್ಯಾನ್ ಬೇಡ ಅಂತ ಅಂದುಕೊಂಡು ಹಾಕಿದವರು ಕೈ ಎತ್ತಿ ಅಂತ ಕೇಳಿದಾಗ ಹತ್ತಕ್ಕಿಂತ ಜಾಸ್ತಿ ಕೈ ಮೇಲೆ ಹೋದವು. ಎರಡನೇ ಸಾಲಿನ ಆ ಹಿರಿಯರದ್ದೂ ಇತ್ತು. ಗೋಡೆ ಪಕ್ಕ ಸ್ವಿಚ್ ಬೋರ್ಡ್ ಹತ್ತಿರ ಕೂತಿದ್ದವರು ಅಷ್ಟು ಹೊತ್ತಿಗೆ ಎದ್ದು ನಿಂತು, ಬೆರಳನ್ನು ಸ್ವಿಚ್ ಮೇಲಿಟ್ಟುಕೊಂಡೇ ಕೇಳಿದರು: "ಹಾಗಾದ್ರೆ ಸರ್, ಈಗ ನಾನೇನ್ ಮಾಡ್ಲಿ?"